ಹೊಣೆಯನ್ನು ಹಂಚಿಕೊಂಡ ಹಳ್ಳಿ: ಕಣಗಿನಹಾಳದ ಸಹಕಾರ ಸಂಘವೂ ಸಭೆಯ ನಾಯಕತ್ವವೂ

ರೋಣ ತಾಲ್ಲೂಕಿನ ಅಸೂಟಿಯೂ ಗದಗ ತಾಲ್ಲೂಕಿನ ಕಣಗಿನಹಾಳವೂ ಇಂದು ಒಂದೇ ಜಿಲ್ಲೆಯ ಹಳ್ಳಿಗಳು. 1997ರಲ್ಲಿ ಗದಗ ಜಿಲ್ಲೆ ರಚನೆಯಾಗುವವರೆಗೆ ಇವೆರಡೂ ಧಾರವಾಡ ಜಿಲ್ಲೆಯಲ್ಲಿದ್ದವು. ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತದ ಆಡಳಿತಕ್ಕೆ ಒಳಪಟ್ಟಿದ್ದವು. ಇದು ಎರೆಭೂಮಿಯ ಸೀಮೆ. ಹಿಂಗಾರಿಯ ಬಿಳಿಜೋಳ, ಕಡಲೆ, ಹತ್ತಿ ಇಲ್ಲಿನ ಬದುಕಿನ ಆಧಾರ. ಮಳೆ ತಪ್ಪಿದ ವರ್ಷ ರೈತನು ಬೀಜಕ್ಕೂ ಎತ್ತಿಗೂ ಸಾಹುಕಾರನ ಬಾಗಿಲಿಗೆ ಹೋಗುವುದು ತಲೆಮಾರುಗಳಿಂದ ನಡೆದುಬಂದ ಕಥೆ. ಆ ಕಥೆಗೆ ಕಣಗಿನಹಾಳದವರು 1905ರಲ್ಲಿ ಕೊಟ್ಟ ಒಂದು ತಿರುವನ್ನು ನಾವು ಇಲ್ಲಿ ನೆನೆಯಲಿದ್ದೇವೆ. ಜೊತೆಗಾರರನ್ನು ನಡೆಸುವುದೆಂದರೇನು ಎಂಬ ಪ್ರಶ್ನೆ ಸಭಾಪಾಲಕರನ್ನು ದಿನವೂ ಕಾಡುವಂಥದು. ಅದಕ್ಕೆ ಈ ಹಳ್ಳಿಯ ಚರಿತ್ರೆಯಲ್ಲಿ ಉತ್ತರದ ಒಂದು ಭಾಗವಿದೆಯೆಂದು ನಾವು ನಂಬುತ್ತೇವೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಕಾಲು ಭಾಗ ಈ ಸೀಮೆಗೆ ಕಠಿಣವಾದ ಕಾಲ. 1876-78ರ ಮಹಾಕ್ಷಾಮದ ಗಾಯ ಮಾಯುವ ಮೊದಲೇ ಶತಮಾನದ ಕೊನೆಯ ವರ್ಷಗಳಲ್ಲಿ ಮುಂಬಯಿ ಪ್ರಾಂತವು ಮತ್ತೆ ಬರಗಾಲವನ್ನು ಕಂಡಿತು. ಸಾಲದ ಹೊರೆಯಿಂದ ಬೇಸತ್ತ ಪುಣೆ ಮತ್ತು ಅಹಮದನಗರ ಭಾಗದ ರೈತರು 1875ರಲ್ಲಿಯೇ ದಂಗೆಯೆದ್ದು ಸಾಹುಕಾರರ ಸಾಲಪತ್ರಗಳನ್ನು ಸುಟ್ಟಿದ್ದರು. ಅದರ ಫಲವಾಗಿ 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು. ಆದರೆ ಕಾಯ್ದೆಯು ಸಾಹುಕಾರನ ಕೈಯನ್ನು ಒಂದಿಷ್ಟು ತಡೆಯಬಲ್ಲದು. ರೈತನಿಗೆ ಬೇರೊಂದು ಬಾಗಿಲನ್ನು ತೆರೆಯಲಾರದು. ಆ ಬಾಗಿಲು ತೆರೆದದ್ದು ಬಹುದೂರದ ಒಂದು ಕ್ರೈಸ್ತ ಮನಸ್ಸಿನ ಅನುಭವದಿಂದ.

ಜರ್ಮನಿಯ ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸೆನ್ (1818-1888) ಹಳ್ಳಿಗಾಡಿನ ಮೇಯರ್ ಆಗಿದ್ದವನು. ಪ್ರಾಟೆಸ್ಟಂಟ್ ಸಭೆಯ ಭಕ್ತಿವಂತನಾದ ಸದಸ್ಯನು. 1846-47ರ ಕ್ಷಾಮದಲ್ಲಿ ಸರ್ಕಾರವು ನಗದಿಗೆ ಮಾತ್ರ ಮಾರಬೇಕೆಂದು ಕಳುಹಿಸಿದ ಹಿಟ್ಟನ್ನು ಅವನು ಬಡವರಿಗೆ ಕಡವಾಗಿ ಕೊಟ್ಟನು. ಊರಿನಲ್ಲಿಯೇ ರೊಟ್ಟಿ ಸುಡುವ ಏರ್ಪಾಡು ಮಾಡಿದನು. 1849ರಲ್ಲಿ ಅನುಕೂಲಸ್ಥರನ್ನು ಕೂಡಿಸಿ ಬಡ ರೈತರಿಗೆ ದನಗಳನ್ನು ಕೊಂಡುಕೊಡುವ ಸಂಘವನ್ನು ಕಟ್ಟಿದನು. 1854ರಲ್ಲಿ ಹೆಡೆಸ್‌ಡಾರ್ಫಿನಲ್ಲಿ ಇನ್ನೂ ವಿಶಾಲವಾದ ಉಪಕಾರ ಸಂಘವು ಹುಟ್ಟಿತು. ಈ ಎಲ್ಲ ಕೆಲಸಗಳೂ ಒಳ್ಳೆಯವೇ. ಆದರೂ ಕೆಲವು ವರ್ಷಗಳಲ್ಲಿ ಅನುಕೂಲಸ್ಥರ ಉತ್ಸಾಹ ಕುಂದಿತು. ಸಂಘಕ್ಕೆ ಹೊಣೆಗಾರರು ಕೆಲವರು, ಪ್ರಯೋಜನ ಪಡೆಯುವವರು ಬೇರೆ ಕೆಲವರು ಎಂಬ ಸ್ಥಿತಿಯೇ ಅದರ ದೌರ್ಬಲ್ಯವೆಂದು ರೈಫೈಸೆನ್ ಕಂಡುಕೊಂಡನು. 1864ರಲ್ಲಿ ಅದೇ ಊರಿನಲ್ಲಿ ಸಾಲ ಪಡೆಯುವವರೇ ಸದಸ್ಯರಾಗಿ, ಸದಸ್ಯರೇ ಹೊಣೆಗಾರರಾಗುವ ಸಂಘವು ರೂಪುಗೊಂಡಿತು.

ಈ ಬದಲಾವಣೆಯನ್ನು ನಾವು ಗಮನವಿಟ್ಟು ನೋಡಬೇಕು. ರೈಫೈಸೆನ್ ಮಾದರಿಯ ಸಂಘದ ಲಕ್ಷಣಗಳು ಸರಳವಾದವು. ಸಂಘದ ಎಲ್ಲೆ ಚಿಕ್ಕದು. ಒಬ್ಬರನ್ನೊಬ್ಬರು ಬಲ್ಲವರೇ ಅದರ ಸದಸ್ಯರು. ಸಾಲಕ್ಕೆ ಎಲ್ಲರೂ ಅಪರಿಮಿತ ಹೊಣೆಗಾರರು. ಒಬ್ಬನು ತೀರಿಸದಿದ್ದರೆ ಉಳಿದವರ ಹೊಲಮನೆಗೂ ಅದು ತಗಲುತ್ತದೆ. ಆಡಳಿತ ನಡೆಸುವವರಿಗೆ ಸಂಬಳವಿಲ್ಲ. ಲೆಕ್ಕ ಬರೆಯುವವನಿಗೆ ಮಾತ್ರ ಇದೆ. ಲಾಭವನ್ನು ಹಂಚದೆ ಕಾಯ್ದಿಟ್ಟ ನಿಧಿಗೆ ಸೇರಿಸಲಾಗುತ್ತದೆ. ಆಡಳಿತ ಮಂಡಲಿಯ ಮೇಲೆ ಮತ್ತೊಂದು ಮಂಡಲಿಯ ಕಣ್ಣಿರುತ್ತದೆ. ನೆರೆಯವನ ಮೇಲಣ ಪ್ರೀತಿಯು ಮನಸ್ಸಿನ ಮೃದುತ್ವವಾಗಿ ಮಾತ್ರ ಉಳಿಯದೆ ಲೆಕ್ಕದ ಪುಸ್ತಕಕ್ಕೆ ಇಳಿದ ಬಗೆಯಿದು. ಕಣ್ಣಿನ ಬೇನೆಯಿಂದ ಬಹುಮಟ್ಟಿಗೆ ಕುರುಡನಾದ ಮೇಲೆಯೂ ಅವನು ಮಗಳ ನೆರವಿನಿಂದ ಈ ಕೆಲಸವನ್ನು ಮುಂದುವರಿಸಿದನು.

ಮದ್ರಾಸ್ ಪ್ರಾಂತದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಯೂರೋಪಿನ ಇಂಥ ಸಂಘಗಳನ್ನು ಅಭ್ಯಾಸ ಮಾಡಿ 1895 ಮತ್ತು 1897ರಲ್ಲಿ ಎರಡು ಸಂಪುಟಗಳ ವರದಿಯನ್ನು ಕೊಟ್ಟನು. ಭಾರತಕ್ಕೆ ಬೇಕಾದದ್ದು ರೈಫೈಸೆನ್‌ನಂಥ ವ್ಯಕ್ತಿ ಎಂಬುದು ಅವನ ವಿಚಾರದ ಸಾರ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಜಾರಿಗೆ ಬಂತು. ಕನಿಷ್ಠ ಹತ್ತು ಮಂದಿ ಸೇರಿ ಸಂಘವನ್ನು ಕಟ್ಟಬಹುದಾಗಿತ್ತು. ಗ್ರಾಮೀಣ ಸಂಘಕ್ಕೆ ಅಪರಿಮಿತ ಹೊಣೆಯೇ ನಿಯಮವಾಗಿತ್ತು. ಮರುವರ್ಷವೇ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸಂಘವು ನೋಂದಣಿಯಾಯಿತು. ಭಾರತದ ಕೃಷಿ ಸಹಕಾರ ಚಳುವಳಿಯ ಮೊದಲ ಸಂಘವೆಂದು ಅದನ್ನು ಇಂದಿಗೂ ಗೌರವದಿಂದ ಸ್ಮರಿಸುತ್ತಾರೆ. ಅದು ಕ್ರೈಸ್ತ ಸಭೆ ಕಟ್ಟಿದ ಸಂಘವಲ್ಲ. ಕ್ರೈಸ್ತನೊಬ್ಬನು ಬಿತ್ತಿದ ಬೀಜವು ನಮ್ಮ ಗೋಡೆಯ ಹೊರಗಿನ ಎರೆಹೊಲದಲ್ಲಿ ಮೊಳೆತದ್ದು ನಮಗೆ ಸಂತೋಷವನ್ನೂ ಒಂದು ಪ್ರಶ್ನೆಯನ್ನೂ ತರುತ್ತದೆ. ಆ ಪ್ರಶ್ನೆ ನಮ್ಮ ಸಭೆಗಳ ಒಳಗಿನ ನಾಯಕತ್ವವನ್ನು ಕುರಿತದ್ದು.

ಇದೇ ಸೀಮೆಯಲ್ಲಿ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿಯಲ್ಲಿ ಕೇಂದ್ರಗಳನ್ನು ತೆರೆದಿತ್ತು. ಸಭೆಗೆ ಸೇರಿದವರಲ್ಲಿ ಅನೇಕರು ಬಂಧುಬಳಗವನ್ನೂ ಕಸುಬನ್ನೂ ಕಳೆದುಕೊಂಡರು. ಅವರಿಗೆ ಕೆಲಸ ಒದಗಿಸಲು ಮಿಷನ್ ನೇಯ್ಗೆಯ ಕಾರ್ಖಾನೆಗಳನ್ನು ನಡೆಸಿತು. 1865ರಿಂದ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯೂ ಇತ್ತು. ಅದು ದೊಡ್ಡ ಸೇವೆ. ಆದರೆ ಬೋಧಕನೂ ಕೆಲಸ ಕೊಡುವವನೂ ಒಂದೇ ಮಿಷನ್ ಆದಾಗ, ಕೇಳುವ ಕೈಯೂ ಕೊಡುವ ಕೈಯೂ ಬೇರೆಬೇರೆಯಾಗಿಯೇ ಉಳಿದವು. ಒಂದನೆಯ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳು ಬಂಧಿತರಾಗಿ, ಬಳಿಕ ಸ್ವದೇಶಕ್ಕೆ ಕಳುಹಿಸಲ್ಪಟ್ಟರು. ಕಾರ್ಖಾನೆಗಳು ಬೇರೆಯವರ ಕೈಸೇರಿದವು. ಅಲ್ಲಿಯವರೆಗೆ ಹೆಚ್ಚಾಗಿ ಪಡೆಯುವವರಾಗಿದ್ದ ಸಭೆಗಳು ಹೊಣೆಯನ್ನು ಒಮ್ಮೆಗೇ ಹೊರಬೇಕಾಯಿತು. ದೇಶೀಯ ಪಾಲಕರೂ ಹಿರಿಯರೂ ಅದನ್ನು ಹೊತ್ತರು ಎಂಬುದು ದೇವರ ಕೃಪೆ. ಆದರೆ ನಾಯಕನು ಇಲ್ಲದ ದಿನಕ್ಕೆ ಜನರನ್ನು ಸಿದ್ಧಗೊಳಿಸುವುದು ಅವನು ಇರುವ ದಿನದ ಕೆಲಸವೆಂಬ ಪಾಠವನ್ನು ನಾವು ಮರೆಯಬಾರದು.

ಪವಿತ್ರ ಶಾಸ್ತ್ರವು ಇದನ್ನೇ ಬೋಧಿಸುತ್ತದೆ. ವಿಮೋಚನಕಾಂಡದ 18ನೆಯ ಅಧ್ಯಾಯದಲ್ಲಿ ಮೋಶೆಯ ಮಾವನಾದ ಇತ್ರೋ, ಬೆಳಗಿನಿಂದ ಸಾಯಂಕಾಲದವರೆಗೆ ಒಬ್ಬನೇ ನ್ಯಾಯತೀರಿಸುವ ಅಳಿಯನನ್ನು ಹೊಗಳುವುದಿಲ್ಲ. ಹಾಗೆ ಮಾಡಿದರೆ ಅವನೂ ಜನರೂ ಬಳಲಿಹೋಗುವರೆಂದು ಎಚ್ಚರಿಸುತ್ತಾನೆ. ಸಾವಿರ, ನೂರು, ಐವತ್ತು, ಹತ್ತು ಮಂದಿಗೆ ಮುಖ್ಯಸ್ಥರನ್ನು ನೇಮಿಸೆಂಬುದು ಅವನ ಸಲಹೆ. ಲಂಚವನ್ನು ದ್ವೇಷಿಸುವವರಾಗಿರಬೇಕೆಂಬುದು ಅವರ ಅರ್ಹತೆ. ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯದಲ್ಲಿ ವಿಧವೆಯರ ಊಟದ ವಿಷಯವಾಗಿ ಗುಣುಗುಟ್ಟುವಿಕೆ ಎದ್ದಾಗ ಅಪೊಸ್ತಲರು ದೂರನ್ನು ಅಡಗಿಸಲಿಲ್ಲ. ಏಳು ಮಂದಿಯನ್ನು ಆರಿಸಿಕೊಳ್ಳಲು ಸಭೆಗೇ ಒಪ್ಪಿಸಿದರು. ಪೌಲನು ಗಲಾತ್ಯದವರಿಗೆ ಒಬ್ಬರ ಭಾರವನ್ನು ಒಬ್ಬರು ಹೊರಬೇಕೆಂದೂ, ಪ್ರತಿಯೊಬ್ಬನು ತನ್ನ ಹೊರೆಯನ್ನು ಹೊರಬೇಕೆಂದೂ ಒಂದೇ ಅಧ್ಯಾಯದಲ್ಲಿ ಬರೆಯುತ್ತಾನೆ. ಅಪರಿಮಿತ ಹೊಣೆಯ ಸಂಘದಲ್ಲಿ ಈ ಎರಡು ಮಾತುಗಳೂ ಹೇಗೆ ಕೂಡಿ ನಡೆಯುತ್ತವೆಂಬುದನ್ನು ರೈತನು ಸುಲಭವಾಗಿ ಬಲ್ಲನು.

ಹೋಲಿಕೆಗೆ ಒಂದು ಮಿತಿಯಿದೆಯೆಂಬುದನ್ನೂ ನಾವು ಹೇಳಲೇಬೇಕು. ಸಂಘವು ಸದಸ್ಯರನ್ನು ನಂಬಿಕೆ ನೋಡಿ ಸೇರಿಸಿಕೊಳ್ಳುತ್ತದೆ. ನೆರೆಯವನ ಸಾಲ ತನ್ನ ಹೊಲಕ್ಕೆ ತಗಲುವಾಗ ಹೊಲವಿಲ್ಲದವನನ್ನು ಸೇರಿಸಿಕೊಳ್ಳಲು ಯಾರು ಮುಂದೆ ಬರುವರು? 1904ರ ಕಾಯ್ದೆಯು ಒಂದೇ ಊರಿನವರಂತೆ ಒಂದೇ ವರ್ಗದವರೂ ಕೂಡಿ ಸಂಘ ಕಟ್ಟಲು ಅವಕಾಶ ಕೊಟ್ಟಿತ್ತು. ಸಭೆಗೆ ಆ ಸ್ವಾತಂತ್ರ್ಯವಿಲ್ಲ. ತೀರಿಸಲಾರದವನೇ ಕರ್ತನ ಮೇಜಿಗೆ ಮೊದಲು ಕರೆಯಲ್ಪಟ್ಟವನು. ನಮ್ಮೆಲ್ಲರ ಸಾಲಕ್ಕೂ ಅಪರಿಮಿತವಾಗಿ ಹೊಣೆಯಾದವನು ಒಬ್ಬನೇ. ಆದ್ದರಿಂದ ಹೊಣೆಯನ್ನು ಹಂಚುವಾಗ ಬಲವುಳ್ಳವರ ಕೂಟವೊಂದು ಹಿರಿಯರ ಮಂಡಲಿಯ ಹೆಸರಿನಲ್ಲಿ ನಿಲ್ಲದಂತೆ ಪಾಲಕನು ಎಚ್ಚರವಾಗಿರಬೇಕು.

ಹಾಗಾದರೆ ಮಾಡಬೇಕಾದದ್ದೇನು? ಮಂಡಲಿಯ ಸಭೆಯಲ್ಲಿ ಪಾಲಕನು ತನ್ನ ತೀರ್ಮಾನವನ್ನು ಮೊದಲೇ ಹೇಳಿಬಿಟ್ಟರೆ ಉಳಿದವರಿಗೆ ತಲೆದೂಗುವ ಕೆಲಸ ಮಾತ್ರ ಉಳಿಯುತ್ತದೆ. ಅವನು ಕೊನೆಗೆ ಮಾತನಾಡಲಿ. ಕಾಣಿಕೆಯ ಲೆಕ್ಕವನ್ನು ಬರೆಯುವವರು ಒಬ್ಬರು, ನೋಡುವವರು ಮತ್ತೊಬ್ಬರು ಆಗಿರಲಿ. ವರ್ಷಕ್ಕೊಮ್ಮೆ ಅದು ಇಡೀ ಸಭೆಯ ಮುಂದೆ ಓದಲ್ಪಡಲಿ. ಹೆಂಗಸರಿಗೂ ಕೂಲಿಕಾರರಿಗೂ ಯೌವನಸ್ಥರಿಗೂ ಕೆಲಸವನ್ನು ಕೊಡುವಾಗ ಅದರ ಅಧಿಕಾರವನ್ನೂ ಕೊಡೋಣ. ಕೆಲಸ ಕೆಟ್ಟರೆ ಆಡಿಕೊಳ್ಳುವ ಬದಲು ಜೊತೆಗೆ ನಿಲ್ಲೋಣ. ಅಪರಿಮಿತ ಹೊಣೆಯ ಅರ್ಥ ಅದೇ ಅಲ್ಲವೇ? ವರ್ಗಾವಣೆಯ ಆದೇಶವು ಎಲ್ಲ ಪಾಲಕರಿಗೂ ಒಂದು ದಿನ ಬರುತ್ತದೆ. ಹೊರಡುವ ಪಾಲಕನು ಕೀಲಿಕೈಗಳನ್ನು ಯಾರ ಕೈಗೆ ಕೊಡಲೆಂದು ಆ ದಿನ ಹುಡುಕುವಂತಾಗಬಾರದು; ಅವು ಆಗಲೇ ಹಲವರ ಕೈಯಲ್ಲಿರಬೇಕು.