ಹತ್ತು ಗ್ರಾಂ ಎಂಬ ಗೆರೆ

ಉಲ್ಲಾಳದಲ್ಲೋ ಕೆಂಗೇರಿಯಲ್ಲೋ ಹಿರಿಯರೊಬ್ಬರು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು, ಶಸ್ತ್ರಕ್ರಿಯೆ ಆಯಿತೆನ್ನಿ. ಮರುದಿನ 100 ಮಿ.ಲೀ. ರಕ್ತದಲ್ಲಿ ಹಿಮೊಗ್ಲೊಬಿನ್ 9 ಗ್ರಾಂ. ರಕ್ತ ಕೊಡಬೇಕೆ?

1942ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಆಡಮ್ಸ್ ಮತ್ತು ಲುಂಡಿ, ಹಿಮೊಗ್ಲೊಬಿನ್ 8ರಿಂದ 10 ಗ್ರಾಂಗಿಂತ ಕಡಿಮೆಯಿದ್ದರೆ ಶಸ್ತ್ರಕ್ರಿಯೆಗೆ ಮೊದಲು ರಕ್ತ ಕೊಡುವುದು ಒಳ್ಳೆಯದೆಂದರು. ಅದು ಅನುಭವದ ಮಾತು, ಪ್ರಯೋಗದ ಫಲವಲ್ಲ. ಆದರೂ ‘10 ಗ್ರಾಂ’ ದಶಕಗಳ ಕಾಲ ನಿಯಮವಾಗಿ ನಿಂತಿತು.

ನೀವೇ ಲೆಕ್ಕ ಹಾಕಿ. 1 ಗ್ರಾಂ ಹಿಮೊಗ್ಲೊಬಿನ್ ಸುಮಾರು 1.34 ಮಿ.ಲೀ. ಆಕ್ಸಿಜನ್ ಹೊರುತ್ತದೆ. 10 ಗ್ರಾಂ ಇದ್ದರೆ 13.4 ಮಿ.ಲೀ., 8 ಇದ್ದರೆ 10.7. ವಿಶ್ರಾಂತಿಯಲ್ಲಿ ದೇಹ ಬಳಸುವುದು ರಕ್ತ ತಂದ ಆಕ್ಸಿಜನ್ನಿನ ಸುಮಾರು ಕಾಲು ಭಾಗವನ್ನಷ್ಟೇ. ಕೊರತೆಯಾದರೆ ಹೃದಯ ಹೆಚ್ಚು ದುಡಿಯುತ್ತದೆ.

ಆದರೆ ಹೃದಯವೇ ದುರ್ಬಲವಾಗಿದ್ದರೆ? ಸೊಂಟದ ಶಸ್ತ್ರಕ್ರಿಯೆಯಾದ, ಹೃದ್ರೋಗವೋ ಅದರ ಅಪಾಯವೋ ಇದ್ದ 2,016 ಮಂದಿಯ ಮೇಲೆ ನಡೆದ ‘ಫೋಕಸ್’ ಪ್ರಯೋಗದ ವರದಿ 2011ರಲ್ಲಿ ಬಂದಿತು. ಒಂದು ಗುಂಪಿಗೆ 10ರ ಗೆರೆ. ಇನ್ನೊಂದಕ್ಕೆ 8ರ ಗೆರೆ ಅಥವಾ ರಕ್ತಹೀನತೆಯ ಲಕ್ಷಣ. 60 ದಿನಗಳಲ್ಲಿ ಸತ್ತವರು ಅಥವಾ ಆಸರೆಯಿಲ್ಲದೆ ನಡೆಯಲಾಗದವರು ಕ್ರಮವಾಗಿ ಶೇ. 35.2 ಮತ್ತು 34.7. ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ!

ಎದೆನೋವು, ಏದುಸಿರು ಇಲ್ಲದಿದ್ದರೆ ನಮ್ಮ ಹಿರಿಯರು ಕಾಯಬಹುದು. ಹೀಗೆ ಉಳಿದ ರಕ್ತ ಹೆರಿಗೆಯಲ್ಲಿ ರಕ್ತಸ್ರಾವವಾದ ತಾಯಿಯೊಬ್ಬಳನ್ನು ಉಳಿಸೀತು. ಅಳತೆಯಿಲ್ಲದೆ ಎಳೆದ ಗೆರೆಯನ್ನು ಅಳೆದು ನೋಡುವುದೂ ವಿಜ್ಞಾನದ ಕೆಲಸವೇ.