ದಡದಲ್ಲಿ ನಿಲ್ಲುವ ಹಕ್ಕು: ನ್ಯಾರೋಬೋಟ್ ಮತ್ತು ಇಂಗ್ಲೆಂಡಿನ ಸಣ್ಣ ಪಟ್ಟಣಗಳು

(ಸಂಘದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಕಾಲುವೆ ಎಂದೊಡನೆ ಕನ್ನಡಿಗರ ಕಣ್ಣಮುಂದೆ ಬಂದು ನಿಲ್ಲುವುದು ಹಸಿರು ಗದ್ದೆ. ವಿಜಯನಗರದ ಅರಸರು ತುಂಗಭದ್ರೆಯಿಂದ ತೆಗೆಸಿದ ಕಾಲುವೆಗಳಾಗಲಿ, ಕನ್ನಂಬಾಡಿಯಿಂದ ಮಂಡ್ಯದ ಸೀಮೆಗೆ ಹರಿಯುವ ವಿಶ್ವೇಶ್ವರಯ್ಯ ನಾಲೆಯಾಗಲಿ ಹುಟ್ಟಿದ್ದು ನೀರನ್ನು ಒಯ್ಯುವುದಕ್ಕಾಗಿ. ನಾವೀಗ ನೆಲೆಸಿರುವ ಈ ದೇಶದ ಕಾಲುವೆಗಳಾದರೋ ಹುಟ್ಟಿದ್ದು ನೀರಿನ ಮೇಲೆ ಸರಕನ್ನು ಒಯ್ಯುವುದಕ್ಕಾಗಿ. ಅವು ಒಂದು ಬಗೆಯ ರಸ್ತೆಗಳು. ರಸ್ತೆ ಎಂದಮೇಲೆ ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆಯ ಜೊತೆಗೇ ಎಲ್ಲಿ ನಿಲ್ಲುವುದು ಎಂಬ ಪ್ರಶ್ನೆಯೂ ಏಳುತ್ತದೆ. ಮೊದಲನೆಯ ಪ್ರಶ್ನೆಗೆ ಉತ್ತರವಾಗಿ ಸುರಂಗಗಳ, ಮೇಲ್ಗಾಲುವೆಗಳ, ಮಹಾನ್ ಎಂಜಿನಿಯರುಗಳ ಕಥೆಯನ್ನು ಇತಿಹಾಸಕಾರರು ವಿಪುಲವಾಗಿ ಬರೆದಿದ್ದಾರೆ. ಎರಡನೆಯ ಪ್ರಶ್ನೆಯನ್ನು ನಾನು ಇಂದು ತಮ್ಮ ಮುಂದೆ ಎತ್ತಿಕೊಳ್ಳಬಯಸುತ್ತೇನೆ. ನ್ಯಾರೋಬೋಟಿನಲ್ಲಿ ಕುಳಿತು ಒಂದು ಸಣ್ಣ ಪಟ್ಟಣವನ್ನು ನೋಡಬಯಸುವವನಿಗೆ ಅಲ್ಲಿ ಹಗ್ಗ ಕಟ್ಟಲು ಒಂದು ಜಾಗ ಹೇಗೆ ಒದಗಿಬಂತು? ಅದು ತಾನಾಗಿ ಒದಗಿದ್ದಲ್ಲ ಎಂಬುದೇ ನನ್ನ ವಾದದ ತಿರುಳು.

1761ರಲ್ಲಿ ಬ್ರಿಡ್ಜ್‌ವಾಟರಿನ ಡ್ಯೂಕ್ ತನ್ನ ವರ್ಸ್ಲಿಯ ಕಲ್ಲಿದ್ದಲು ಗಣಿಗಳಿಂದ ಮ್ಯಾಂಚೆಸ್ಟರಿನ ಕಡೆಗೆ ತೋಡಿಸಿದ ಕಾಲುವೆಯು ಬಳಕೆಗೆ ಬಂದಿತು. ಆ ಕೆಲಸದಲ್ಲಿ ಹೆಸರಾದವನು ಜೇಮ್ಸ್ ಬ್ರಿಂಡ್ಲಿ. ಅನಂತರ ಟ್ರೆಂಟ್ ಮತ್ತು ಮರ್ಸಿ ನದಿಗಳನ್ನು ಜೋಡಿಸುವ ಕಾಲುವೆಗೆ 1766ರಲ್ಲಿ ಪಾರ್ಲಿಮೆಂಟು ಅನುಮತಿಯಿತ್ತಿತು. ಮೊದಲ ಗುದ್ದಲಿ ಹಾಕಿದವನು ಪಿಂಗಾಣಿ ಕುಂಬಾರಿಕೆಯ ಜೋಸಯಾ ವೆಜ್‌ವುಡ್. ಹದಗೆಟ್ಟ ರಸ್ತೆಗಳಲ್ಲಿ ಕುದುರೆಯ ಬೆನ್ನೇರಿ ಹೋಗುವಾಗ ಒಡೆಯುವ ಪಾತ್ರೆಗಳು ನೀರಿನ ಮೇಲೆ ಒಡೆಯುವುದಿಲ್ಲವೆಂಬುದು ಅವನ ಲೆಕ್ಕ. ಬ್ರಿಂಡ್ಲಿಯು ಈ ಕಾಲುವೆಯ ಬಹುತೇಕ ಲಾಕ್‌ಗಳನ್ನು ಸುಮಾರು 72 ಅಡಿ ಉದ್ದಕ್ಕೂ 7 ಅಡಿ ಅಗಲಕ್ಕೂ ಮಿತಿಗೊಳಿಸಿದನು. ಲಾಕ್ ಎಂದರೆ ದೋಣಿಯನ್ನು ಮೇಲಿನ ಮಟ್ಟಕ್ಕೆ ಏರಿಸುವ, ಕೆಳಗಿನ ಮಟ್ಟಕ್ಕೆ ಇಳಿಸುವ, ಎರಡೂ ಕಡೆ ಬಾಗಿಲುಳ್ಳ ನೀರಿನ ಕೋಣೆ. ಅದು ಕಿರಿದಾದಷ್ಟೂ ನೀರೂ ಉಳಿತಾಯ, ಹಣವೂ ಉಳಿತಾಯ. ಬಾಗಿಲಿನ ಅಗಲವೇ ದೋಣಿಯ ಅಗಲವನ್ನು ನಿರ್ಧರಿಸಿತು. ಉದ್ದನೆಯ, ಕಿರಿದಗಲದ ನ್ಯಾರೋಬೋಟ್ ಹುಟ್ಟಿದ್ದು ಹೀಗೆ. ಒಂದೇ ಕುದುರೆ ಇಪ್ಪತ್ತೈದು ಟನ್ನುಗಳಷ್ಟು ಸರಕನ್ನು ಎಳೆಯುವುದು ಇದರಿಂದ ಸಾಧ್ಯವಾಯಿತು.

ಬ್ರಿಂಡ್ಲಿಯ ಕಾಲುವೆಗಳಿಗೆ ಇನ್ನೊಂದು ಲಕ್ಷಣವಿತ್ತು. ಗುಡ್ಡವನ್ನು ಕಡಿಯುವುದಕ್ಕಿಂತ ಅದನ್ನು ಬಳಸಿ ಹೋಗುವುದು ಅಗ್ಗವೆಂದು ಅವನು ಬಗೆದನು. ಆದುದರಿಂದ ಕಾಲುವೆಗಳು ನೆಲದ ಒಂದೇ ಮಟ್ಟವನ್ನು ಹಿಡಿದು ಹಾವಿನಂತೆ ಹರಿದವು. ಆಕ್ಸ್‌ಫರ್ಡ್ ಕಾಲುವೆ ಮೊದಲು 91 ಮೈಲಿ ಉದ್ದವಿತ್ತು. 1830ರ ಸುಮಾರಿನಲ್ಲಿ ಅದರ ಉತ್ತರಭಾಗವನ್ನು ನೇರಗೊಳಿಸಿದಾಗ ಸುಮಾರು 14 ಮೈಲಿ ಕಡಿಮೆಯಾಯಿತು. ಹೀಗೆ ನೆಲದ ಮಟ್ಟವನ್ನು ನಂಬಿ ಸಾಗುವ ಕಾಲುವೆಯು ಎಷ್ಟೋ ಊರುಗಳ ಸಂತೆಬೀದಿಯನ್ನು ಮುಟ್ಟಲೇ ಇಲ್ಲ. ಶ್ರಾಪ್‌ಶೈರಿನ ವಿಟ್‌ಚರ್ಚ್ ಪಟ್ಟಣದಿಂದ ಕಾಲುವೆ ಸುಮಾರು ಒಂದು ಮೈಲಿ ದೂರದಲ್ಲಿ ಹಾದುಹೋಯಿತು. ಊರಿನತ್ತ ಒಂದು ಕವಲನ್ನು ಬೇರೆಯಾಗಿ ತೋಡಬೇಕಾಯಿತು. ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ಉಂಟು. ಸೆವರ್ನ್ ನದಿಯನ್ನು ಸ್ಟ್ಯಾಫರ್ಡ್‌ಶೈರ್ ಮತ್ತು ವೂಸ್ಟರ್‌ಶೈರ್ ಕಾಲುವೆ ಕೂಡುವೆಡೆಯಲ್ಲಿ ಒಂದು ಕುಗ್ರಾಮವಿದ್ದಿತು. 1772ರಲ್ಲಿ ಕಾಲುವೆ ಪೂರ್ಣಗೊಂಡಮೇಲೆ ಅದೇ ಸ್ಟೋರ್‌ಪೋರ್ಟ್ ಎಂಬ ಪಟ್ಟಣವಾಗಿ ಬೆಳೆಯಿತು, ಸಮೀಪದ ಬ್ಯೂಡ್ಲಿಯ ಹಳೆಯ ರೇವು ಸೊರಗಿತು. ಬ್ಯೂಡ್ಲಿಯ ಜನ ಕಾಲುವೆಯನ್ನು ನಾರುವ ಹಳ್ಳವೆಂದು ಹಳಿದು ತಿರಸ್ಕರಿಸಿದರೆಂಬ ಐತಿಹ್ಯವಿದೆ. ಸ್ಟೋರ್ ನದಿಯ ಕಣಿವೆಯೇ ಕಾಲುವೆಗೆ ಸಹಜವಾದ ದಾರಿಯಾಗಿತ್ತಾದುದರಿಂದ ಈ ಐತಿಹ್ಯವನ್ನು ನಂಬುವುದು ಕಷ್ಟ. ಆದರೂ ದೋಣಿ ನಿಲ್ಲುವ ಊರಿಗೂ ನಿಲ್ಲದ ಊರಿಗೂ ಇರುವ ಅಂತರವನ್ನು ಜನ ಎಷ್ಟು ಚೆನ್ನಾಗಿ ಅರಿತಿದ್ದರೆಂಬುದನ್ನು ಅದು ತೋರಿಸುತ್ತದೆ.

ಆ ಕಾಲದಲ್ಲಿ ದೋಣಿ ನಿಲ್ಲುವ ಜಾಗವೆಂದರೆ ವಾರ್ಫ್, ಅಂದರೆ ಸರಕಿನ ಕಟ್ಟೆ. ಕಲ್ಲಿದ್ದಲು, ಸುಣ್ಣ, ಧಾನ್ಯ, ಮರ ಇವುಗಳನ್ನು ಏರಿಸುವುದಕ್ಕೂ ಇಳಿಸುವುದಕ್ಕೂ ಬೇಕಾದ ಹೊತ್ತಷ್ಟೇ ಅಲ್ಲಿ ದೋಣಿಗೆ ಸ್ಥಳ. ಸರಕು ಸಾಗಿಸಿದರೆ ಮಾತ್ರ ಕೂಲಿ, ನಿಂತರೆ ನಷ್ಟ. ರೈಲಿನ ಪೈಪೋಟಿಯಿಂದ ಬಾಡಿಗೆ ಕುಸಿದಂತೆಲ್ಲ ಎಷ್ಟೋ ದೋಣಿಗಾರರು ದಡದ ಮನೆಯನ್ನು ಬಿಟ್ಟು ಹೆಂಡತಿ ಮಕ್ಕಳೊಡನೆ ದೋಣಿಯ ಹಿಂಬದಿಯ ಪುಟ್ಟ ಕೋಣೆಯಲ್ಲೇ ಸಂಸಾರ ಹೂಡಿದರು. ಆ ಮಕ್ಕಳು ಯಾವ ಊರಿನವರು? ಯಾವ ಶಾಲೆಗೆ ಸೇರಿದವರು? ಕೋಲ್‌ವಿಲ್‌ನ ಜಾರ್ಜ್ ಸ್ಮಿತ್ ಎಂಬ ಸುಧಾರಕನ ಹೋರಾಟದ ಫಲವಾಗಿ 1877ರಲ್ಲಿಯೂ 1884ರಲ್ಲಿಯೂ ಕಾಲುವೆ ದೋಣಿಗಳ ಕಾಯಿದೆಗಳು ಬಂದವು. ವಾಸದ ದೋಣಿಗಳೆಲ್ಲ ಒಂದು ಊರಿನಲ್ಲಿ ನೋಂದಣಿಯಾಗಬೇಕು, ಮಕ್ಕಳು ಆ ಊರಿನ ಶಾಲಾವ್ಯಾಪ್ತಿಗೆ ಸೇರಬೇಕು ಎಂದು ವಿಧಿಸಲಾಯಿತು. ಆದರೆ ದೋಣಿ ಒಂದೆಡೆ ನಿಲ್ಲದಿರುವಾಗ ಶಾಲೆಯ ಹೆಸರು ಕಾಗದದ ಮೇಲೆಯೇ ಉಳಿಯುತ್ತಿತ್ತು. ದಡದಲ್ಲಿ ಆದರ ತೋರಿದವರೂ ಇಲ್ಲದಿರಲಿಲ್ಲ. ನಾರ್ಥಾಂಪ್ಟನ್‌ಶೈರಿನ ಸ್ಟೋಕ್ ಬ್ರೂಯರ್ನ್ ಎಂಬ ಹಳ್ಳಿಯಲ್ಲಿ ಸಿಸ್ಟರ್ ಮೇರಿ ವಾರ್ಡ್ ಎಂಬಾಕೆ ದೋಣಿಯ ಕುಟುಂಬಗಳಿಗೆ ದಶಕಗಳ ಕಾಲ ಶುಶ್ರೂಷೆ ಮಾಡಿದರು. 1951ರಲ್ಲಿ ಅವರಿಗೆ ಬ್ರಿಟಿಷ್ ಎಂಪೈರ್ ಪದಕ ಸಂದಿತು. ಬಸುರಿಗೋ ಬಾಣಂತಿಗೋ ಒಂದೆರಡು ದಿನ ನಿಲ್ಲುವ ಜಾಗ ದೊರೆತರೆ ಎಷ್ಟು ದೊಡ್ಡ ವರವೆಂಬುದನ್ನು ಆ ಹಳ್ಳಿಯನ್ನು ನೋಡಿ ಅರಿಯಬಹುದು.

ಇಪ್ಪತ್ತನೆಯ ಶತಮಾನದಲ್ಲಿ ರೈಲಿನ ಬಳಿಕ ಲಾರಿಯೂ ಬಂದಿತು. 1948ರಲ್ಲಿ ಬಹುಪಾಲು ಕಾಲುವೆಗಳು ರಾಷ್ಟ್ರೀಕರಣಗೊಂಡವು. 1962-63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿದ ಮೇಲೆ ಕಿರಿದೋಣಿಗಳ ಸರಕು ಸಾಗಾಣಿಕೆ ಹೆಚ್ಚುಕಡಿಮೆ ಮುಗಿದೇಹೋಯಿತು. ಅದಕ್ಕೂ ಮೊದಲೇ ಪಟ್ಟಣಗಳು ಕಾಲುವೆಗೆ ಬೆನ್ನು ತಿರುಗಿಸಿದ್ದವು. ಆಕ್ಸ್‌ಫರ್ಡಿನ ಕಥೆ ಗಮನಾರ್ಹವಾದುದು. ಮೋರಿಸ್ ಕಾರುಗಳಿಂದ ಐಶ್ವರ್ಯ ಗಳಿಸಿದ ಲಾರ್ಡ್ ನಫೀಲ್ಡ್ 1937ರಲ್ಲಿ ಅಲ್ಲಿನ ಕಾಲುವೆಕಟ್ಟೆಯ ನಿವೇಶನವನ್ನು ಕೊಂಡು ಹೊಸ ಕಾಲೇಜಿಗೆ ಕೊಟ್ಟನು. ಅನಂತರ ನೀರಿನ ಕೊಳಗಳನ್ನು ತುಂಬಲಾಯಿತು. ಅಲ್ಲಿ ಒಂದೆಡೆ ನಫೀಲ್ಡ್ ಕಾಲೇಜು ಎದ್ದಿತು, ಇನ್ನೊಂದೆಡೆ ಕಾರು ನಿಲ್ಲಿಸುವ ಬಯಲಾಯಿತು. ದೋಣಿ ನಿಲ್ಲುತ್ತಿದ್ದಲ್ಲಿ ಕಾರು ನಿಂತಿತು! ಬ್ಯಾನ್‌ಬರಿಯಲ್ಲಿಯೂ ಹಳೆಯ ಕಟ್ಟೆಯನ್ನು ಮುಚ್ಚಿ ಬಸ್ ನಿಲ್ದಾಣ ಮಾಡಲಾಯಿತು.

ಇದೇ ಬ್ಯಾನ್‌ಬರಿಯ ಟೂಲಿಯವರ ದೋಣಿ ಕಟ್ಟುವ ಅಂಗಳದಿಂದಲೇ ಪುನರುಜ್ಜೀವನದ ಕಥೆಯೂ ಹೊರಟಿತೆಂಬುದು ಇತಿಹಾಸದ ಚೋದ್ಯ. ಎಂಜಿನಿಯರ್ ಎಲ್. ಟಿ. ಸಿ. ರೋಲ್ಟ್ ಅವರು ಕ್ರೆಸ್ಸಿ ಎಂಬ ದೋಣಿಯನ್ನು ಅಲ್ಲಿ ಸಜ್ಜುಗೊಳಿಸಿ 1939ರಲ್ಲಿ ಹೊಸ ಮಡದಿಯೊಡನೆ ಪ್ರಯಾಣ ಹೊರಟರು. ಆ ಅನುಭವದ 'ನ್ಯಾರೋ ಬೋಟ್' ಎಂಬ ಪುಸ್ತಕ 1944ರಲ್ಲಿ ಪ್ರಕಟವಾಯಿತು. ಅದನ್ನು ಓದಿದ ರಾಬರ್ಟ್ ಐಕ್‌ಮನ್ ಅವರು ರೋಲ್ಟ್‌ರನ್ನು ಕಂಡರು. 1946ರಲ್ಲಿ ಇನ್‌ಲ್ಯಾಂಡ್ ವಾಟರ್‌ವೇಸ್ ಅಸೋಸಿಯೇಷನ್ ಸ್ಥಾಪಿತವಾಯಿತು. 1950ರ ಆಗಸ್ಟ್‌ನಲ್ಲಿ ಈ ಸಂಸ್ಥೆಯು ಲೆಸ್ಟರ್‌ಶೈರಿನ ಮಾರ್ಕೆಟ್ ಹಾರ್‌ಬರೋದಲ್ಲಿ ದೋಣಿಗಳ ಉತ್ಸವವನ್ನು ನಡೆಸಿತು. 1809ರಲ್ಲಿ ತೆರೆದ ಕಾಲುವೆಯೊಂದು ಆ ಪೇಟೆಯ ಅಂಚಿನಲ್ಲಿ ಕೊನೆಗೊಳ್ಳುತ್ತದೆ. ಅಲ್ಲಿ ನೂರಕ್ಕೂ ಮಿಕ್ಕ ದೋಣಿಗಳು ಬಂದು ನೆರೆದವು. ಸರಕಿಲ್ಲದೆಯೂ ದೋಣಿ ಒಂದು ಪಟ್ಟಣಕ್ಕೆ ಬರಬಹುದು, ಬಂದವರು ಅಂಗಡಿ ಬೀದಿಗಳಲ್ಲಿ ತಿರುಗಾಡಬಹುದು, ಅದರಿಂದ ಊರಿಗೂ ಲಾಭವುಂಟು ಎಂಬುದನ್ನು ಜನ ಕಣ್ಣಾರೆ ಕಂಡರು. ಎಲ್ಲ ಕಾಲುವೆಗಳನ್ನೂ ಉಳಿಸಬೇಕೆಂದು ಐಕ್‌ಮನ್, ದುಡಿಯುವ ದೋಣಿಗಾರರ ಬದುಕು ಮೊದಲೆಂದು ರೋಲ್ಟ್. ಈ ಭಿನ್ನಾಭಿಪ್ರಾಯ ಬೆಳೆದು 1951ರಲ್ಲಿ ರೋಲ್ಟ್ ತಾವೇ ಕಟ್ಟಿದ ಸಂಸ್ಥೆಯಿಂದ ಹೊರಗಾದರು. ಪರಊರಿನಲ್ಲಿ ಸಂಘ ಕಟ್ಟಿ ನಡೆಸುತ್ತಿರುವ ತಮಗೆ ಇದು ಅಪರಿಚಿತ ಸಂಗತಿಯೇನಲ್ಲವೆಂದು ಭಾವಿಸುತ್ತೇನೆ.

ಮುಂದಿನ ದೊಡ್ಡ ಗೆಲುವು ಷೇಕ್ಸ್‌ಪಿಯರನ ಊರಿನದು. 1816ರಲ್ಲಿ ಪೂರ್ಣಗೊಂಡ ಸ್ಟ್ರಾಟ್‌ಫರ್ಡ್ ಕಾಲುವೆಯ ದಕ್ಷಿಣಭಾಗ ಹಾಳುಬಿದ್ದಿತ್ತು. ಸೇತುವೆಯೊಂದನ್ನು ಮತ್ತೆ ಕಟ್ಟುವ ವೆಚ್ಚ ತಪ್ಪಿಸಲು 1958ರಲ್ಲಿ ವಾರಿಕ್‌ಶೈರ್ ಆಡಳಿತವು ಕಾಲುವೆಯನ್ನೇ ಕೈಬಿಡಿಸಲು ಹೊರಟಿತು. ಅದು ಬಳಕೆಯಲ್ಲಿಲ್ಲವೆಂಬ ವಾದಕ್ಕೆ ವಿರುದ್ಧವಾಗಿ, ಸಣ್ಣ ಕನೂ ದೋಣಿಯಲ್ಲಿ ಸಾಗಿದವರು ಪಡೆದಿದ್ದ ಸುಂಕದ ಚೀಟಿಯು ಸಾಕ್ಷ್ಯವಾಗಿ ಒದಗಿತು. ನ್ಯಾಷನಲ್ ಟ್ರಸ್ಟ್ ಹೊಣೆ ಹೊತ್ತಿತು. ಸ್ವಯಂಸೇವಕರು, ಸೈನಿಕರು, ಸೆರೆಮನೆಯ ಕೈದಿಗಳು ಕೂಡಿ ಹೂಳೆತ್ತಿದರು. 1964ರ ಜುಲೈಯಲ್ಲಿ ರಾಜಮಾತೆ ಅದನ್ನು ಮರಳಿ ತೆರೆದರು. ವೇಲ್ಸಿನ ಲಂಗಾಲೆನ್ ಕಾಲುವೆ ಉಳಿದ ಬಗೆ ನಮಗೆ ಇನ್ನೂ ಹತ್ತಿರವಾದುದು. 1944ರ ಕಾಯಿದೆಯಿಂದ ಅದರ ದೋಣಿಸಂಚಾರದ ಹಕ್ಕು ರದ್ದಾಗಿತ್ತು. ಆದರೆ ಡೀ ನದಿಯ ನೀರನ್ನು ಹರ್ಲ್‌ಸ್ಟನ್ ಜಲಾಶಯಕ್ಕೆ ಅದೇ ಒಯ್ಯುತ್ತಿತ್ತಾದುದರಿಂದ ಅದನ್ನು ಮುಚ್ಚಲಾಗಲಿಲ್ಲ. ದೋಣಿಗಾಗಿ ಹುಟ್ಟಿದ ಕಾಲುವೆ, ನಮ್ಮ ನಾಡಿನ ಕಾಲುವೆಗಳಂತೆ, ನೀರು ಒಯ್ದು ಬದುಕಿಕೊಂಡಿತು.

1968ರ ಸಾರಿಗೆ ಕಾಯಿದೆಯು ಕೆಲವು ಕಾಲುವೆಗಳನ್ನು ವಿಹಾರದ ದೋಣಿಗಳಿಗಾಗಿಯೇ ಕಾಪಾಡಬೇಕೆಂದು ವಿಧಿಸಿತು. ಸರಕಿನ ಕಟ್ಟೆಯ ಸ್ಥಾನದಲ್ಲಿ ಸಂದರ್ಶಕರ ತಂಗುದಾಣ ಮೂಡಿದ್ದು ಆ ಬಳಿಕದ ದಶಕಗಳಲ್ಲಿ. ವಿಟ್‌ಚರ್ಚಿನಲ್ಲಿ ಹಿಂದೆ ಮುಚ್ಚಿಹೋಗಿದ್ದ ಕವಲಿನ ಮೊದಲ ತುಂಡನ್ನು 1993ರಲ್ಲಿ ಮತ್ತೆ ನೀರು ತುಂಬಿಸಿ ದೋಣಿಗಳಿಗೆ ಬಿಡಲಾಯಿತು. ಇಂಗ್ಲೆಂಡ್ ಮತ್ತು ವೇಲ್ಸಿನ ಸುಮಾರು 2,000 ಮೈಲಿಗಳ ಜಲಮಾರ್ಗವು 2012ರ ಜುಲೈಯಿಂದ ಸರ್ಕಾರಿ ನಿಗಮದ ಕೈಯಿಂದ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ಧರ್ಮಾರ್ಥ ಸಂಸ್ಥೆಗೆ ಬಂದಿದೆ.

ಇನ್ನು, ತಾವೇ ಒಂದು ದೋಣಿಯನ್ನು ಬಾಡಿಗೆಗೆ ಹಿಡಿದು ಹೊರಟರೆ ಗಮನಿಸಬೇಕಾದ ಸಂಗತಿಗಳಿವು. ವೇಗದ ಮಿತಿ ಗಂಟೆಗೆ 4 ಮೈಲಿ. ವಾಸ್ತವದಲ್ಲಿ ಮೂರು ಮೈಲಿ ಸಾಗಿದರೆ ಹೆಚ್ಚು. ಒಂದು ಲಾಕ್‌ಗೆ ಹದಿನೈದು ನಿಮಿಷವೆಂದು ಲೆಕ್ಕ ಹಿಡಿಯಬೇಕು. ಕುದುರೆಗಳು ನಡೆಯುತ್ತಿದ್ದ ದಂಡೆಯ ಹಾದಿಯ ಬದಿಯಲ್ಲಿ, ನಿಷೇಧದ ಫಲಕವಿಲ್ಲದ ಕಡೆ, ಸಾಮಾನ್ಯವಾಗಿ 14 ದಿನಗಳವರೆಗೆ ದೋಣಿ ಕಟ್ಟಬಹುದು. ಪಟ್ಟಣಕ್ಕೆ ಸಮೀಪದ ತಂಗುದಾಣಗಳಲ್ಲಿ 24 ಗಂಟೆ, 48 ಗಂಟೆ ಎಂಬ ಮಿತಿಗಳು ಫಲಕದಲ್ಲಿರುತ್ತವೆ. ಲಾಕ್‌ನ ಬಾಗಿಲ ಬಳಿ, ಸೇತುವೆಯ ಪಕ್ಕ, ತಿರುವಿನಲ್ಲಿ, ಕುಡಿಯುವ ನೀರಿನ ನಲ್ಲಿಯ ಮುಂದೆ, ಉದ್ದನೆಯ ದೋಣಿಗಳು ಹಿಂತಿರುಗಲೆಂದು ಅಗಲಗೊಳಿಸಿದ ಜಾಗದಲ್ಲಿ ಕಟ್ಟಬಾರದು. ಕೆಲವೆಡೆ ಕಬ್ಬಿಣದ ಬಳೆಗಳಿರುತ್ತವೆ. ಇಲ್ಲದ ಕಡೆ ಗೂಟ ಬಡಿದು ಹಗ್ಗ ಬಿಗಿಯಬೇಕು. ಶ್ರಾಪ್‌ಶೈರ್ ಯೂನಿಯನ್ ಕಾಲುವೆಯ ಅನೇಕ ಕಡೆ ನೀರಿನೊಳಗೆ ಕಲ್ಲಿನ ಅಂಚು ಚಾಚಿಕೊಂಡಿರುವುದರಿಂದ ದೋಣಿ ದಡಕ್ಕೆ ತಾಕುವುದಿಲ್ಲ. ಅದೇ ಕಾಲುವೆಯ ಮೇಲಿರುವ ಮಾರ್ಕೆಟ್ ಡ್ರೇಟನ್‌ಗೆ 1245ರಲ್ಲಿ ದೊರೆಯಿಂದ ಸಂತೆಯ ಸನ್ನದು ದೊರೆತಿತ್ತು. ಬುಧವಾರ ಅಲ್ಲಿ ಸಂತೆಯ ದಿನ. ಸಂತೆ ನೋಡಬೇಕೆನ್ನುವವರು ಮಂಗಳವಾರ ಮಧ್ಯಾಹ್ನವೇ ತಲುಪಿ ಜಾಗ ಹಿಡಿಯುವುದು ಜಾಣತನ. ಸಂಜೆ ತಡವಾಗಿ ಬಂದವರಿಗೆ ಊರಿನ ಹೊರಗೇ ಗತಿ. ಆದರೂ ಅರ್ಧ ಗಂಟೆಯ ನಡಿಗೆಯಲ್ಲಿ ಊರು ಸಿಕ್ಕೀತು.

ಮಹನೀಯರೇ, ತಂಗುದಾಣದ ಪ್ರಶ್ನೆ ವಿಹಾರಕ್ಕೆ ಬಂದವರದು ಮಾತ್ರವಲ್ಲ. ಮನೆಯ ಬೆಲೆ ಕೈಗೆಟುಕದೆಯೋ ಬದುಕಿನ ರುಚಿಯಿಂದಲೋ ದೋಣಿಯಲ್ಲೇ ವಾಸಿಸುವವರು ಇಂದು ಸಾವಿರಾರು ಮಂದಿ. 1995ರ ಬ್ರಿಟಿಷ್ ವಾಟರ್‌ವೇಸ್ ಕಾಯಿದೆಯಂತೆ ಖಾಯಂ ತಂಗುದಾಣವಿಲ್ಲದ ದೋಣಿ ಒಂದೇ ಜಾಗದಲ್ಲಿ ಸಾಮಾನ್ಯವಾಗಿ 14 ದಿನಗಳಿಗಿಂತ ಹೆಚ್ಚು ನಿಲ್ಲುವಂತಿಲ್ಲ. 2024ರ ಏಪ್ರಿಲ್‌ನಿಂದ ಅಂಥ ದೋಣಿಗಳ ಪರವಾನಗಿಗೆ ಹೆಚ್ಚುವರಿ ಶುಲ್ಕವೂ ಸೇರಿದೆ. ಸರ್ಕಾರದ ಅನುದಾನದ ನೈಜ ಮೌಲ್ಯವು 2027ರ ನಂತರ ಇಳಿಯುವುದೆಂದು 2023ರಲ್ಲಿ ಪ್ರಕಟವಾಯಿತು. ಇನ್ನೂರು ವರ್ಷ ಹಳೆಯ ಲಾಕ್‌ಗಳ ದುರಸ್ತಿಗೆ ಹಣ ಬೇಕೆಂಬುದು ಟ್ರಸ್ಟಿನ ವಾದ. ಶಾಲೆಗೆ ಹೋಗುವ ಮಕ್ಕಳಿರುವ ನಮಗೆ ಎಲ್ಲಿಗೆ ಸರಿಯೆನ್ನುತ್ತೀರಿ ಎಂಬುದು ದೋಣಿವಾಸಿಗಳ ಅಳಲು. ಜಾಗವೆಲ್ಲ ಒಬ್ಬರ ಪಾಲಾದರೆ ಊರು ನೋಡಬಂದವರು ಎಲ್ಲಿ ಕಟ್ಟಬೇಕೆಂಬುದು ಪ್ರವಾಸಿಗಳ ಅಳಲು. ಎರಡರಲ್ಲೂ ನ್ಯಾಯವಿದೆ. ಆದರೆ 1877ರಲ್ಲಿ ಜಾರ್ಜ್ ಸ್ಮಿತ್ ಕೇಳಿದ ಪ್ರಶ್ನೆಯೇ ಬೇರೆ ವೇಷದಲ್ಲಿ ಮತ್ತೆ ಎದುರಾಗಿದೆಯೆಂದು ನನಗೆ ತೋರುತ್ತದೆ. ಅದನ್ನು ಶುಲ್ಕದ ಪಟ್ಟಿಯೊಂದರಿಂದಲೇ ಬಗೆಹರಿಸಲಾಗದು. ದೋಣಿಯ ಮಗುವೂ ಯಾವುದೋ ಊರಿನ ಮಗುವೆಂದು ಆ ಊರುಗಳು ಒಪ್ಪಿಕೊಳ್ಳಬೇಕು. ನಾಡು ಬಿಟ್ಟು ಬಂದು ಇಲ್ಲಿ ನೆಲೆ ಅರಸಿದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಬರುವ ಬೇಸಿಗೆಯಲ್ಲಿ ತಾವು ಸಕುಟುಂಬರಾಗಿ ಯಾವುದಾದರೊಂದು ಸಣ್ಣ ಪಟ್ಟಣದ ಕಾಲುವೆಯ ದಂಡೆಯಲ್ಲಿ ಅಡ್ಡಾಡಿರೆಂದು ನನ್ನ ಕೋರಿಕೆ. ಲಾಕ್‌ನ ಕಲ್ಲಿನ ಅಂಚಿನಲ್ಲಿಯೂ ಸೇತುವೆಯ ಮೂಲೆಗಳಲ್ಲಿಯೂ ಎಳೆಹಗ್ಗ ಉಜ್ಜಿ ಉಜ್ಜಿ ಮೂಡಿದ ಗೀರುಗಳನ್ನು ಮಕ್ಕಳಿಗೆ ತೋರಿಸಿರಿ.