ಒಡೆತನದ ವ್ಯಾಖ್ಯೆ, ಆಡಳಿತದ ತಪಾಸಣೆ: ಜರ್ಮನಿಯ ಇಂಧನ ಸಹಕಾರ ಸಂಘಗಳ ಅನುಭವ

ಜರ್ಮನಿಯಲ್ಲಿ 2006ರ ನಂತರ 800ಕ್ಕೂ ಹೆಚ್ಚು ಇಂಧನ ಸಹಕಾರ ಸಂಘಗಳು ಹುಟ್ಟಿಕೊಂಡವು. ಇದಕ್ಕೆ ಜನರ ಪರಿಸರಪ್ರಜ್ಞೆಯನ್ನೇ ಕಾರಣವಾಗಿ ಹೇಳುವುದು ರೂಢಿ. ಆ ಪ್ರಜ್ಞೆ ಇದ್ದದ್ದು ನಿಜ. ಚೆರ್ನೋಬಿಲ್ ದುರಂತದಿಂದ ಎಚ್ಚೆತ್ತ ಶೋನಾವ್ ಪಟ್ಟಣದ ಜನ ಎರಡು ಬಾರಿ ಜನಮತ ಗೆದ್ದು, 1997ರಲ್ಲಿ ಊರಿನ ವಿದ್ಯುತ್ ಜಾಲವನ್ನೇ ಕೊಂಡುಕೊಂಡರು. ಆದರೆ ಒಂದೂರಿನ ಹೋರಾಟ ನೂರಾರು ಊರುಗಳಿಗೆ ಹಬ್ಬಲು ಶಾಸನದ ಬಲ ಬೇಕಾಯಿತು. 2000ದ ನವೀಕರಿಸಬಹುದಾದ ಇಂಧನ ಕಾಯ್ದೆ, ಉತ್ಪಾದಕರಿಗೆ 20 ವರ್ಷಗಳ ನಿಗದಿತ ದರವನ್ನು ಖಾತರಿಪಡಿಸಿತು. ಸಹಕಾರ ಸಂಘಗಳ ಕಾಯ್ದೆಯ 2006ರ ತಿದ್ದುಪಡಿ, ಸಂಘ ಕಟ್ಟಲು ಬೇಕಾದ ಸದಸ್ಯರ ಸಂಖ್ಯೆಯನ್ನು 7ರಿಂದ 3ಕ್ಕೆ ಇಳಿಸಿತು. ಸಣ್ಣ ಉಳಿತಾಯದವರೂ ಧೈರ್ಯವಾಗಿ ಷೇರು ಹಾಕಿದ್ದು ಆಮೇಲೆ.

ಈ ಸಂಘಗಳ ಆಡಳಿತದಲ್ಲಿ ಷೇರು ಎಷ್ಟೇ ಇರಲಿ, ಸಾಮಾನ್ಯವಾಗಿ ಸದಸ್ಯನಿಗೆ ಒಂದೇ ಮತ. ಅಧ್ಯಯನಗಳ ಗಮನವೆಲ್ಲ ಈ ಮತದ ಮೇಲೆಯೇ ನಿಂತುಬಿಡುತ್ತದೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು ನಿಯಮ: ಪ್ರತಿ ಸಂಘವೂ ಒಂದು ಲೆಕ್ಕಪರಿಶೋಧನಾ ಒಕ್ಕೂಟದ ಸದಸ್ಯತ್ವ ಹೊಂದಿರಲೇಬೇಕು. ಸಂಘ ನೋಂದಣಿಯಾಗುವ ಮೊದಲೇ ಒಕ್ಕೂಟವು ಅದರ ಆರ್ಥಿಕ ಯೋಜನೆಯನ್ನು ಪರಿಶೀಲಿಸುತ್ತದೆ. ನಂತರ ಲೆಕ್ಕಪತ್ರದ ಜೊತೆಗೆ ಆಡಳಿತ ಮಂಡಳಿಯ ನಡೆಯನ್ನೂ ತಪಾಸಣೆ ಮಾಡುತ್ತದೆ. ಜರ್ಮನಿಯಲ್ಲಿ ಸಹಕಾರ ಸಂಘಗಳು ದಿವಾಳಿಯಾಗುವುದು ಬಹಳ ಅಪರೂಪ. ಅದರ ಹಿಂದೆ ಈ ಹೊರಗಿನ ಕಣ್ಣಿನ ಪಾಲು ದೊಡ್ಡದು.

ನವೀಕರಿಸಬಹುದಾದ ಇಂಧನ ಕಾಯ್ದೆಯ 2014ರ ತಿದ್ದುಪಡಿಯಿಂದ ಹೊಸ ದೊಡ್ಡ ಘಟಕಗಳು ತಮ್ಮ ವಿದ್ಯುತ್ತನ್ನು ತಾವೇ ಮಾರುಕಟ್ಟೆಯಲ್ಲಿ ಮಾರಬೇಕಾಯಿತು; ಹೊಸ ಸಂಘಗಳ ಸಂಖ್ಯೆ ಕುಸಿಯಿತು. 2017ರಲ್ಲಿ ಪವನ ವಿದ್ಯುತ್ತಿಗೆ ಸರ್ಕಾರ ಗೊತ್ತುಪಡಿಸುವ ದರದ ಬದಲು ಹರಾಜು ಪದ್ಧತಿ ಬಂತು. ಬಹುತೇಕ ಸಂಘಗಳ ಕೈಯಲ್ಲಿರುವುದು ಒಂದೇ ಯೋಜನೆ. ಹರಾಜಿನಲ್ಲಿ ಸೋತರೆ ತಯಾರಿಗೆ ಸುರಿದ ಹಣವೆಲ್ಲ ನಷ್ಟ. ಇದನ್ನು ಅರಿತ ಶಾಸಕರು ‘ನಾಗರಿಕ ಇಂಧನ ಸಂಸ್ಥೆ’ಗಳಿಗೆ ರಿಯಾಯಿತಿ ಕೊಟ್ಟರು: ಪರವಾನಗಿಗೆ ಮುನ್ನವೇ ಬಿಡ್ ಮಾಡುವ ಅವಕಾಶ, ಘಟಕ ಕಟ್ಟಲು ಹೆಚ್ಚಿನ ಕಾಲಾವಧಿ. ಕನಿಷ್ಠ 10 ವ್ಯಕ್ತಿಗಳು, ಸ್ಥಳೀಯರ ಕೈಯಲ್ಲಿ ಮತಗಳ ಬಹುಪಾಲು, ಯಾರಿಗೂ ಶೇ. 10ಕ್ಕಿಂತ ಹೆಚ್ಚು ಮತವಿಲ್ಲ. ವ್ಯಾಖ್ಯೆ ಇಷ್ಟೇ ಕೇಳಿತು. ಸಹಕಾರ ಸಂಘವಾಗಿರಬೇಕೆಂಬ ಷರತ್ತಿರಲಿಲ್ಲ, ಒಕ್ಕೂಟದ ತಪಾಸಣೆಯೂ ಇರಲಿಲ್ಲ.

ಆ ವರ್ಷದ ಹರಾಜುಗಳಲ್ಲಿ ಶೇ. 90ಕ್ಕೂ ಹೆಚ್ಚು ಸಾಮರ್ಥ್ಯ ಈ ಹೆಸರಿನ ಸಂಸ್ಥೆಗಳಿಗೇ ಹೋಯಿತು. ಅಂಕಿ ನೋಡಿದರೆ ಜನರ ಗೆಲುವು. ಆದರೆ ಅವುಗಳಲ್ಲಿ ಬಹಳಷ್ಟರ ಹಿಂದೆ ಇದ್ದದ್ದು ವೃತ್ತಿಪರ ಯೋಜನಾ ಕಂಪನಿಗಳು. ಹತ್ತು ಜನರ ಸಹಿ ಕೂಡಿಸುವುದು ಅಂಥ ಕಂಪನಿಗಳಿಗೆ ಕಷ್ಟವೇನಲ್ಲ. ಗೆದ್ದ ಎಷ್ಟೋ ಯೋಜನೆಗಳು ನೆಲಕ್ಕಿಳಿಯಲೇ ಇಲ್ಲ. ಪರವಾನಗಿಯ ರಿಯಾಯಿತಿಯನ್ನು 2018ರಲ್ಲಿ ತಡೆಹಿಡಿಯಲಾಯಿತು. ಇದರಿಂದ ನಿಜವಾಗಿ ಊರಿನವರೇ ಕಟ್ಟಿದ ಸಂಘಗಳಿಗೂ ಪೆಟ್ಟು ಬಿತ್ತು. ತಲೆ ಎಣಿಸುವ ವ್ಯಾಖ್ಯೆಯನ್ನು ಕಾಗದದ ಮೇಲೆ ಪೂರೈಸಬಹುದು. ಮತ್ತೆ ಮತ್ತೆ ನಡೆಯುವ ತಪಾಸಣೆಯನ್ನು ಹಾಗೆ ದಾಟಲಾಗದು.

ಇದು ಕರ್ನಾಟಕಕ್ಕೆ ದೂರದ ಮಾತಲ್ಲ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘಕ್ಕೆ ಆಧಾರವಾದ 1904ರ ಸಹಕಾರ ಕಾಯ್ದೆಯ ಹಿಂದೆ ಜರ್ಮನಿಯ ರೈಫೈಸೆನ್ ಸಾಲ ಸಹಕಾರ ಸಂಘಗಳ ಮಾದರಿಯಿತ್ತು. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಸ್ಥಾಪನೆಯಾದ ಸಹಕಾರ ಸಂಘವೇ ವಿದ್ಯುತ್ ಹಂಚುತ್ತಿದೆ. ಈಗ ಪಿಎಂ-ಕುಸುಮ್ ಯೋಜನೆಯ ‘ಎ’ ಘಟಕದಡಿ ಸಹಕಾರ ಸಂಘಗಳೂ ಪಂಚಾಯಿತಿಗಳೂ 2 ಮೆಗಾವಾಟ್‌ವರೆಗಿನ ಸೌರ ಸ್ಥಾವರ ಹಾಕಬಹುದು. ಬಂಡವಾಳವಿಲ್ಲದ ರೈತರು ಖಾಸಗಿ ಕಂಪನಿಗೆ ಜಮೀನು ಗುತ್ತಿಗೆ ಕೊಡಲೂ ಅವಕಾಶವಿದೆ. ಹೀಗಿರುವಾಗ ಸಹಕಾರದ ಹೆಸರಿನಲ್ಲಿ ಬರುವ ಪ್ರತಿ ಅರ್ಜಿಯಲ್ಲೂ ಸಾಲದ ಹೊಣೆ ಯಾರದು, ಲಾಭ ಯಾರ ಖಾತೆಗೆ, ಲೆಕ್ಕ ನೋಡುವವರು ಯಾರು ಎಂಬುದನ್ನು ಸಹಕಾರ ಇಲಾಖೆ ಮಂಜೂರಾತಿಗೆ ಮುನ್ನವೇ ಕೇಳಬೇಕು.